ಗೋಡೆಯೊಳಗಿನ ಮಿಸ್ರಿ ಜೇನು

ನಮ್ಮ ಕಲಿಕಾ ಕೇಂದ್ರ ಒಬ್ಬ ಅಕ್ಕನ ಮನೆಯ ಜಗಲಿಯಲ್ಲಿ ನಡೆಯುತ್ತಿತ್ತು. ಶಿರಸಿ ಕಡೆಯ ಒಂದು ಸಣ್ಣ ಊರು. ಮಣ್ಣಿನ ಗೋಡೆಯ ಹಳೇ ಮನೆ. ಸಂಜೆ ಕೆಲಸ ಮುಗಿಸಿ ನಾವು 14 ಮಂದಿ ಹೆಂಗಸರು ಅಲ್ಲಿ ಸೇರುತ್ತಿದ್ದೆವು.

ಕರಿಹಲಗೆ ನೇತುಹಾಕಿದ ಗೋಡೆಯಲ್ಲಿ ಒಂದು ಪುಟ್ಟ ಕೊಳವೆ ಇತ್ತು. ಕಿರುಬೆರಳಿನಷ್ಟು ದಪ್ಪ. ಕಂದು ಬಣ್ಣ. ಮುಟ್ಟಿದರೆ ಅಂಟು ಅಂಟು. ಹೊತ್ತು ಮುಳುಗುವ ತನಕ ಅದರ ಬಾಯಲ್ಲಿ ಸಣ್ಣ ಕಪ್ಪು ಹುಳಗಳು ಹೋಗುತ್ತಾ ಬರುತ್ತಾ ಇರುತ್ತಿದ್ದವು.

ಹೊಸದಾಗಿ ಮದುವೆಯಾಗಿ ಬಂದ ತಂಗಿಯೊಬ್ಬಳು "ಅಬ್ಬಾ, ಎಷ್ಟೊಂದು ನೊಣ!" ಎಂದು ಸೆರಗು ಬೀಸಿದಳು. ಹಿಂದೆ ಕೂತಿದ್ದ ಅಜ್ಜಿ ನಕ್ಕರು. "ನೊಣ ಅಲ್ಲ ಮಾರಾಯ್ತಿ. ಅದು ಮಿಸ್ರಿ ಜೇನು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಲೂ ಅಲ್ಲೇ ಇತ್ತು" ಅಂದರು.

ಆ ಮನೆಯ ಅಕ್ಕನಿಗೆ ಹೊಸ ಮನೆ ಮಂಜೂರಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಗೋಡೆ ಕೆಡವೋಣ ಎಂದು ಮೇಸ್ತ್ರಿ ಹೇಳಿ ಹೋಗಿದ್ದರು. ಗೋಡೆ ಬಿದ್ದರೆ ಮಿಸ್ರಿಯ ಗತಿ ಏನು? ಅಜ್ಜಿಗೆ ಅದೇ ಚಿಂತೆ.

"ಅದಕ್ಕೇನು? ಹಾರಿ ಹೋಗ್ತವೆ. ಬೇರೆ ಕಡೆ ಗೂಡು ಕಟ್ಟಿಕೊಳ್ತವೆ" ಅಂದೆವು ನಾವು.

ನಮ್ಮ ಮಾತು ತಪ್ಪಾಗಿತ್ತು. ಆಮೇಲೆ ಜೇನು ಸಾಕುವವರನ್ನು ಕೇಳಿದೆವು. ಪುಸ್ತಕ ತರಿಸಿ ಒಬ್ಬರು ಓದಿದರು, ಉಳಿದವರು ಕೇಳಿದೆವು. ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಚುಚ್ಚದ ಜೇನು

ಹೆಜ್ಜೇನು ನಿಮಗೆ ಗೊತ್ತು. ತುಡುವೆ ಗೊತ್ತು. ಬೇಲಿಯ ಕಡ್ಡಿಗೆ ಗೂಡು ಕಟ್ಟುವ ಕೋಲುಜೇನೂ ಗೊತ್ತು. ಇವೆಲ್ಲ ಚುಚ್ಚುತ್ತವೆ. ಮಿಸ್ರಿ ಚುಚ್ಚುವುದಿಲ್ಲ. ಅದಕ್ಕೆ ಮುಳ್ಳು ಹೆಸರಿಗೆ ಮಾತ್ರ. ತೀರಾ ಸಣ್ಣದು, ಉಪಯೋಗಕ್ಕೆ ಬಾರದು.

ದಕ್ಷಿಣ ಕನ್ನಡದವರು ಇದನ್ನು ಮುಜಂಟಿ ಎನ್ನುತ್ತಾರೆ. ಕೆಲವು ಕಡೆ ನಸರಿ ಎನ್ನುತ್ತಾರೆ. ನಿಮ್ಮ ಊರಲ್ಲಿ ಏನನ್ನುತ್ತೀರಿ? ಹೆಸರು ಯಾವುದಾದರೂ ಇರಲಿ, ಹುಳ ಮಾತ್ರ ಪುಟಾಣಿ. ಉದ್ದ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ. ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದು ಅನ್ನಿ.

ಚುಚ್ಚದಿದ್ದರೂ ಸುಮ್ಮನೆ ಬಿಡುವ ಜಾತಿ ಅಲ್ಲ. ಗೂಡಿಗೆ ಕೈ ಹಾಕಿದರೆ ತಲೆಗೂದಲ ಒಳಗೆ ನುಗ್ಗುತ್ತದೆ. ಕಿವಿಗೆ, ಮೂಗಿಗೆ ಹೋಗುತ್ತದೆ. ಕಚ್ಚಿ ಹಿಡಿಯುತ್ತದೆ. ಕೂದಲಿಗೆ ಅಂಟು ಮೆತ್ತುತ್ತದೆ. ಆ ಅಂಟು ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಇಂಥ ಚುಚ್ಚದ ಜೇನುಗಳು ಬಿಸಿಲಿನ ದೇಶಗಳಲ್ಲೆಲ್ಲ ಇವೆ. ಪ್ರಪಂಚದಲ್ಲಿ 500ಕ್ಕೂ ಹೆಚ್ಚು ಜಾತಿ ಇವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಇರುವುದೆಲ್ಲ ಒಂದೇ ಜಾತಿ ಎಂದು ಮೊದಲು ತಿಳಿದಿದ್ದರು. ಈಚಿನ ವರ್ಷಗಳಲ್ಲಿ ಸರಿಯಾಗಿ ನೋಡಿದಾಗ ಹಲವು ಜಾತಿಗಳು ಸಿಕ್ಕವು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ನಮ್ಮ ಗೋಡೆಯದು, ನಿಮ್ಮ ಮರದ ಪೊಟರೆಯದು ಒಂದೇ ಜಾತಿಯೋ ಬೇರೆಯೋ, ಬರಿಗಣ್ಣಿಗೆ ಹೇಳಲು ಆಗದು.

ಗೂಡಿನ ಒಳಗೆ ಒಂದು ಅಡುಗೆಮನೆ

ತುಡುವೆ ಜೇನು ಹಲ್ಲೆ ಕಟ್ಟುತ್ತದೆ. ಮಿಸ್ರಿ ಹಲ್ಲೆ ಕಟ್ಟುವುದಿಲ್ಲ. ಅದು ಕುಡಿಕೆ ಮಾಡುತ್ತದೆ. ದ್ರಾಕ್ಷಿ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿದ ಪುಟ್ಟ ಪುಟ್ಟ ಕುಡಿಕೆಗಳು. ಕೆಲವು ಕುಡಿಕೆಯಲ್ಲಿ ತುಪ್ಪ. ಕೆಲವು ಕುಡಿಕೆಯಲ್ಲಿ ಹೂವಿನ ಪುಡಿ, ಅಂದರೆ ಪರಾಗ. ನಾವು ಉಪ್ಪಿನ ಭರಣಿ, ಬೆಲ್ಲದ ಡಬ್ಬಿ ಬೇರೆ ಬೇರೆ ಇಡುವುದಿಲ್ಲವೇ? ಹಾಗೆಯೇ.

ಕುಡಿಕೆ ಮಾಡಲು ಬರೀ ಮೇಣ ಸಾಲದು. ಹಲಸು, ಮಾವು, ಧೂಪ ಮುಂತಾದ ಮರಗಳ ಅಂಟನ್ನು ಕಾಲಿಗೆ ಮೆತ್ತಿಕೊಂಡು ತರುತ್ತದೆ. ಮೇಣಕ್ಕೆ ಬೆರೆಸುತ್ತದೆ. ಬಾಗಿಲಿನ ಕೊಳವೆಯೂ ಅದರಿಂದಲೇ ಆದದ್ದು. ಇರುವೆ ಬಂದರೆ ಕಾಲು ಅಂಟಿ ಅಲ್ಲೇ ಸಿಕ್ಕಿಬೀಳುತ್ತದೆ.

ನಡುವೆ ಮರಿಗಳ ಗುಂಪು. ಸಾಸಿವೆ ಕಾಳಿಗಿಂತ ತುಸು ದೊಡ್ಡ ಗೋಲಿಗಳು. ಪ್ರತಿ ಗೋಲಿಗೂ ಆಳುಜೇನುಗಳು ಮೊದಲು ಆಹಾರ ತುಂಬುತ್ತವೆ. ನೀರಾದ ಗಂಜಿಯ ಹಾಗಿರುತ್ತದೆ. ಅದರ ಮೇಲೆ ರಾಣಿ ಒಂದು ಮೊಟ್ಟೆ ಇಡುತ್ತದೆ. ಕೂಡಲೇ ಬಾಯಿ ಮುಚ್ಚುತ್ತಾರೆ. ಮರಿ ಬೆಳೆದು ಹೊರಗೆ ಬರುವ ತನಕ ಮತ್ತೆ ತೆರೆಯುವುದಿಲ್ಲ. ಮೊಟ್ಟೆ ಆ ಗಂಜಿಯ ಮೇಲೆ ನೆಟ್ಟಗೆ ನಿಂತಿರುತ್ತದೆ. ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮಿಸ್ರಿ ತುಪ್ಪ ತೆಳ್ಳಗೆ. ಸಿಹಿಯ ಜೊತೆ ಹುಳಿ. ಔಷಧಿಗೆ ಎಂದು ಜನ ಹುಡುಕಿಕೊಂಡು ಬರುತ್ತಾರೆ, ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಸಿಗುವುದು ಸ್ವಲ್ಪ. ಒಂದು ಗೂಡಿನಿಂದ ವರ್ಷಕ್ಕೆ ಅರ್ಧ ಕಿಲೋ ಸಿಕ್ಕರೆ ಒಳ್ಳೆಯ ಗೂಡು. ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇವೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ ಹಚ್ಚುವ ರೂಢಿ ನಮ್ಮಲ್ಲಿ ಇದೆ. ಒಂದು ವರ್ಷ ತುಂಬದ ಮಗುವಿಗೆ ಯಾವ ಜೇನುತುಪ್ಪವನ್ನೂ ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ರೋಗಾಣು ದೊಡ್ಡವರಿಗೆ ಏನೂ ಮಾಡುವುದಿಲ್ಲ, ಹಸುಳೆಯ ಜೀವಕ್ಕೆ ಅಪಾಯ ತರಬಹುದು. ಕಣ್ಣಿಗೆ ಹಾಕುವುದೂ ಬೇಡ.

ತುಪ್ಪಕ್ಕಿಂತ ದೊಡ್ಡ ಲಾಭ ಬೇರೆ ಇದೆ. ತೆಂಗಿನ ಹೂ, ನುಗ್ಗೆ ಹೂ, ಸೌತೆ ಹೂ, ತುಳಸಿ ಕದಿರು, ಎಲ್ಲದರ ಮೇಲೂ ಮಿಸ್ರಿ ಕೂರುತ್ತದೆ. ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಸೌತೆಬಳ್ಳಿ ತುಂಬ ಹೂ ಬಿಟ್ಟು, ಮಿಡಿ ಎಲ್ಲ ಹಳದಿಯಾಗಿ ಉದುರಿದ್ದನ್ನು ನೀವು ನೋಡಿರಬಹುದು. ಹೂವಿನ ಪುಡಿ ಮುಟ್ಟದಿದ್ದರೂ ಹಾಗೆ ಆಗುತ್ತದೆ. ಮಿಸ್ರಿ ತುಂಬಾ ದೂರ ಹೋಗುವುದಿಲ್ಲ. ಗೂಡಿನಿಂದ ಕೆಲವು ನೂರು ಮೀಟರ್ ಒಳಗೇ ಓಡಾಡುತ್ತದೆ. ಅಂದರೆ ನಮ್ಮ ಹಿತ್ತಿಲು, ಪಕ್ಕದ ಹಿತ್ತಿಲು, ಹೆಚ್ಚೆಂದರೆ ಆಚೆಯ ತೋಟ.

ಹಾರಲಾರದ ರಾಣಿ

ಈಗ ಅಜ್ಜಿಯ ಚಿಂತೆಗೆ ಬರೋಣ. ಗೋಡೆ ಕೆಡವಿದರೆ ಮಿಸ್ರಿ ಯಾಕೆ ಹಾರಿ ಹೋಗುವುದಿಲ್ಲ?

ತುಡುವೆ ಗೂಡಿಗೆ ತೊಂದರೆ ಬಂದರೆ ರಾಣಿಯೂ ಆಳುಗಳೂ ಒಟ್ಟಿಗೆ ಎದ್ದು ಹೋಗುತ್ತವೆ. ಮಿಸ್ರಿ ರಾಣಿಗೆ ಅದು ಆಗದು. ಎಳೆಯ ರಾಣಿ ಹಾರುತ್ತದೆ, ಗಂಡಿನ ಜೊತೆ ಕೂಡಲು. ಗೂಡು ಸೇರಿ ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಹೊಟ್ಟೆ ಊದಿಕೊಳ್ಳುತ್ತದೆ. ಆ ಹೊಟ್ಟೆ ಹೊತ್ತು ಹಾರಲು ರೆಕ್ಕೆ ಸಾಲದು. ಸಾಯುವ ತನಕ ಅದೇ ಗೂಡು.

ಹಾರೆ ಹಾಕಿ ಗೋಡೆ ಕೆಡವಿದರೆ ರಾಣಿ ನೆಲಕ್ಕೆ ಬೀಳುತ್ತದೆ. ಕುಡಿಕೆ ಒಡೆದು ತುಪ್ಪ ಹರಿಯುತ್ತದೆ. ಇರುವೆ ಮುತ್ತುತ್ತದೆ. ಅಲ್ಲಿಗೆ ಆ ಮನೆತನ ಮುಗಿಯಿತು.

ಹಾಗಾದರೆ ಮಿಸ್ರಿ ಹೊಸ ಗೂಡು ಹೇಗೆ ಕಟ್ಟುತ್ತದೆ? ಇದು ನಮಗೆಲ್ಲ ಬಹಳ ಇಷ್ಟವಾದ ಭಾಗ. ತಾಯಿ ಮನೆಯಲ್ಲೇ ಉಳಿಯುತ್ತಾಳೆ. ಮಗಳು ಹೊಸ ಮನೆಗೆ ಹೋಗುತ್ತಾಳೆ. ಹೋಗುವ ಮೊದಲೇ ಆಳುಗಳು ಹತ್ತಿರದಲ್ಲಿ ಒಂದು ಪೊಟರೆ ನೋಡುತ್ತವೆ. ತಾಯಿಮನೆಯಿಂದ ಮೇಣ ಹೊರುತ್ತವೆ. ಅಂಟು ಹೊರುತ್ತವೆ. ತುಪ್ಪ ಹೊರುತ್ತವೆ. ಬಿರುಕು ಮುಚ್ಚಿ, ಕುಡಿಕೆ ಮಾಡಿ, ಮನೆ ಸಜ್ಜು ಮಾಡುತ್ತವೆ. ಆಮೇಲೆ ಮಗಳು ಬರುತ್ತಾಳೆ. ಅವಳು ಬಂದ ಮೇಲೂ ಎಷ್ಟೋ ದಿನ ತಾಯಿಮನೆಯ ಸಾಮಾನು ಬರುತ್ತಲೇ ಇರುತ್ತದೆ.

"ಥೇಟ್ ನಮ್ಮ ತವರಿನ ಹಾಗೇ" ಅಂದಳು ಹೊಸ ಸೊಸೆ. ಅವಳ ಬಾಣಂತನದ ಮಾತು ಆಗ ಮನೆಯಲ್ಲಿ ನಡೆದಿತ್ತು.

ಸಾಮಾನು ಹೊರುವುದು ಎಳ್ಳುಕಾಳಿನಷ್ಟು ಹುಳ. ಆದ್ದರಿಂದ ಹೊಸ ಮನೆ ತಾಯಿಮನೆಯ ಹತ್ತಿರವೇ ಆಗಬೇಕು. ಎರಡು ಊರು ದಾಟಿ ಮಿಸ್ರಿ ಹೋಗಲಾರದು. ಇದರ ಅರ್ಥ ಏನು? ಒಂದು ಊರಿನಲ್ಲಿ ಮಿಸ್ರಿ ಅಳಿದರೆ ಹೊರಗಿನಿಂದ ಬೇಗ ಬಂದು ತುಂಬುವುದಿಲ್ಲ. ಊರಿಂದ ಊರಿಗೆ, ಪೊಟರೆಯಿಂದ ಪೊಟರೆಗೆ ಬರಲು ಎಷ್ಟೋ ವರ್ಷ ಬೇಕು.

ಬಳೆಯ ಲೆಕ್ಕ

ಇನ್ನು ಹೇಳುವುದು ಸ್ವಲ್ಪ ಕಷ್ಟದ ವಿಷಯ. ನಮಗೂ ಮೊದಲ ಸಲ ತಲೆಗೆ ಹತ್ತಲಿಲ್ಲ. ಬಳೆ ಇಟ್ಟುಕೊಂಡು ಲೆಕ್ಕ ಮಾಡಿದಾಗ ತಿಳಿಯಿತು. ನೀವೂ ನಾಲ್ಕು ಬಳೆ ತೆಗೆದಿಟ್ಟುಕೊಳ್ಳಿ.

ತಾಯಿ ತಂದೆಯ ಗುಣ ಮಕ್ಕಳಿಗೆ ಬರುತ್ತದೆ. ಮೂಗು ಅಪ್ಪನದು, ಕೂದಲು ಅಮ್ಮನದು ಎನ್ನುತ್ತೇವಲ್ಲ. ಈ ಗುಣಗಳನ್ನು ಹೊತ್ತು ತರುವುದಕ್ಕೆ ವಂಶವಾಹಿ ಎಂದು ಹೆಸರು. ಜೀನು ಎಂದೂ ಕರೆಯುತ್ತಾರೆ. ಜೇನಿಗೂ ಜೀನು ಇದೆ!

ಜೇನಿನಲ್ಲಿ ಹೆಣ್ಣು ಗಂಡು ಆಗುವುದನ್ನು ತೀರ್ಮಾನಿಸುವ ಒಂದು ವಂಶವಾಹಿ ಇದೆ. ಅದನ್ನು ಬಳೆ ಎಂದು ತಿಳಿಯೋಣ. ಅದರಲ್ಲಿ ಬೇರೆ ಬೇರೆ ಬಣ್ಣ ಇವೆ ಅನ್ನೋಣ. ಕೆಂಪು, ಹಸಿರು, ಹಳದಿ, ನೀಲಿ ಹೀಗೆ.

ಹೆಣ್ಣುಜೇನಿಗೆ ಎರಡು ಬಳೆ. ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಎರಡೂ ಬೇರೆ ಬೇರೆ ಬಣ್ಣ ಆಗಿರಲೇಬೇಕು. ರಾಣಿಯೂ ಹೆಣ್ಣು, ದುಡಿಯುವ ಆಳುಗಳೂ ಹೆಣ್ಣು.

ಗಂಡುಜೇನಿಗೆ ಒಂದೇ ಬಳೆ. ಯಾಕೆಂದರೆ ಗಂಡಿಗೆ ಅಪ್ಪನೇ ಇಲ್ಲ. ಗಂಡಿನ ಬೀಜ ಸೇರದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಇದನ್ನು ಓದಿದಾಗ ಜಗಲಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆದರೆ ನಿಜ.

ಈಗ ಲೆಕ್ಕ. ಒಂದು ರಾಣಿಗೆ ಕೆಂಪು ಮತ್ತು ಹಸಿರು ಬಳೆ ಇದೆ. ಅದು ಹಳದಿ ಬಳೆಯ ಗಂಡಿನ ಜೊತೆ ಕೂಡಿತು. ಮಕ್ಕಳಿಗೆ ಕೆಂಪು-ಹಳದಿ ಇಲ್ಲವೇ ಹಸಿರು-ಹಳದಿ ಬರುತ್ತದೆ. ಎಲ್ಲರಿಗೂ ಎರಡು ಬಣ್ಣ. ಎಲ್ಲರೂ ಹೆಣ್ಣು. ಎಲ್ಲರೂ ದುಡಿಯುವವರು. ಗೂಡು ಬೆಳೆಯುತ್ತದೆ.

ಅದೇ ರಾಣಿ ಕೆಂಪು ಬಳೆಯ ಗಂಡಿನ ಜೊತೆ ಕೂಡಿದರೆ? ಅರ್ಧ ಮಕ್ಕಳಿಗೆ ಹಸಿರು-ಕೆಂಪು. ಅವು ಸರಿ. ಉಳಿದ ಅರ್ಧಕ್ಕೆ ಕೆಂಪು-ಕೆಂಪು. ಎರಡೂ ಒಂದೇ ಬಣ್ಣ ಆಯಿತು. ಹಾಗಾದಾಗ ಆಳು ಆಗಬೇಕಾದ ಮೊಟ್ಟೆ ಗಂಡಾಗಿಬಿಡುತ್ತದೆ. ಈ ಗಂಡು ದುಡಿಯುವುದೂ ಇಲ್ಲ, ಅದರಿಂದ ಸಂತಾನವೂ ಸಾಮಾನ್ಯವಾಗಿ ಆಗುವುದಿಲ್ಲ. ಗೂಡಿನ ಅರ್ಧ ದುಡಿಮೆ ಹೋಯಿತು. ಬ್ರೆಜಿಲ್ ಎಂಬ ದೇಶದಲ್ಲಿ ಕೆಲವು ಜಾತಿಯ ಚುಚ್ಚದ ಜೇನುಗಳನ್ನು ಗಮನಿಸಿ ನೋಡಿದ್ದಾರೆ. ಇಂಥ ಗಂಡುಗಳು ಹುಟ್ಟಿದರೆ ಆಳುಗಳು ತಮ್ಮ ರಾಣಿಯನ್ನೇ ಕೊಂದುಹಾಕುತ್ತವೆ.

ತುಡುವೆ ರಾಣಿ ಹತ್ತಾರು ಗಂಡುಗಳ ಜೊತೆ ಕೂಡುತ್ತದೆ. ಒಂದರ ಬಳೆ ತಪ್ಪಿದರೂ ಉಳಿದವುಗಳಿಂದ ಗೂಡು ನಡೆಯುತ್ತದೆ. ಚುಚ್ಚದ ಜೇನಿನ ರಾಣಿ ಸಾಮಾನ್ಯವಾಗಿ ಒಂದೇ ಗಂಡಿನ ಜೊತೆ ಕೂಡುವುದು. ಬಳೆ ತಪ್ಪಿತು ಎಂದರೆ ತಪ್ಪಿಯೇ ಹೋಯಿತು.

ಒಂದು ಊರಿನ ಸುತ್ತ ತುಂಬಾ ಗೂಡು ಇದ್ದರೆ ಬಣ್ಣಗಳು ತುಂಬಾ ಇರುತ್ತವೆ. ಒಂದೇ ಬಣ್ಣ ಎದುರಾಗುವುದು ಅಪರೂಪ. ಮೂರು ನಾಲ್ಕು ಗೂಡು ಉಳಿದರೆ? ಬಣ್ಣಗಳೂ ಕಡಿಮೆಯಾಗುತ್ತವೆ. ಕೆಂಪಿಗೆ ಕೆಂಪೇ ಸಿಗುತ್ತದೆ. ಒಂದು ಊರಿನ ಜೇನುಗಳಲ್ಲಿ ಇರುವ ಈ ಬಗೆಬಗೆಯ ಬಣ್ಣಗಳಿಗೇ ವಂಶವಾಹಿ ವೈವಿಧ್ಯ ಎನ್ನುತ್ತಾರೆ. ಇಷ್ಟು ದೊಡ್ಡ ಮಾತನ್ನು ಅಜ್ಜಿ ಹಲಗೆಯ ಮೇಲೆ ಬರೆದೇಬಿಟ್ಟರು. "ವೈ"ಗೆ ಮಾತ್ರ ಎರಡು ಸಲ ಒರೆಸಬೇಕಾಯಿತು.

ಎಷ್ಟು ಗೂಡು ಇದ್ದರೆ ಸಾಕು? ಬ್ರೆಜಿಲಿನ ಕೆರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು 1982ರಲ್ಲಿ ಲೆಕ್ಕ ಹಾಕಿದರು. ಒಂದು ಕಡೆ ಕಡಿಮೆ ಎಂದರೂ 44 ಗೂಡು ಬೇಕು ಎಂದರು. ಆದರೆ ಅದೇ ದೇಶದಲ್ಲಿ ಎರಡೇ ಗೂಡಿನಿಂದ ಶುರುಮಾಡಿ ಹೆಚ್ಚಿಸಿದ ಜೇನು ಹತ್ತು ವರ್ಷಕ್ಕೂ ಮೇಲೆ ಉಳಿದದ್ದನ್ನು 2011ರಲ್ಲಿ ಬೇರೆ ವಿಜ್ಞಾನಿಗಳು ತಿಳಿಸಿದರು. ಅಲ್ಲಿ ಸಾಕುವವರು ನಿಗಾ ಇಟ್ಟಿದ್ದರು ಅನ್ನಿ. ರಾಣಿ ಸತ್ತರೆ ನೋಡಿಕೊಳ್ಳುವವರು ಇದ್ದರು. ನಮ್ಮ ಗೋಡೆಯ ಮಿಸ್ರಿಯನ್ನು ಯಾರು ನೋಡುತ್ತಾರೆ? ಕಡಿಮೆ ಗೂಡು ಉಳಿದರೂ ಆಸೆ ಬಿಡಬೇಕಾಗಿಲ್ಲ, ಆದರೆ ಹೆಚ್ಚು ಇದ್ದಷ್ಟೂ ಒಳ್ಳೆಯದು. ನಮಗೆ ತಿಳಿದದ್ದು ಇಷ್ಟು.

ನಮ್ಮ ಊರಿನ ಲೆಕ್ಕ

ಒಂದು ಭಾನುವಾರ ನಾವು ಪುಸ್ತಕ, ಪೆನ್ಸಿಲ್ ಹಿಡಿದು ಹೊರಟೆವು. ಮನೆ ಮನೆಗೆ ಹೋದೆವು. ಗೋಡೆ ನೋಡಿದೆವು. ಕಟ್ಟೆಯ ಕಲ್ಲುಸಂದು ನೋಡಿದೆವು. ಹಲಸಿನ ಮರದ ಪೊಟರೆ ನೋಡಿದೆವು. ಸಿಕ್ಕ ಗೂಡನ್ನೆಲ್ಲ ಬರೆದುಕೊಂಡೆವು. ಯಾರ ಮನೆ, ಯಾವ ಗೋಡೆ, ಎಷ್ಟು ಎತ್ತರ. ಹೆಸರು ಬರೆಯುವಾಗ ಒತ್ತಕ್ಷರ ತಪ್ಪಿದವು. ಪರವಾಗಿಲ್ಲ, ನಮಗೆ ಓದಲು ಬರುತ್ತಿತ್ತು.

ಒಟ್ಟು 9 ಗೂಡು. ಅಷ್ಟೇ. ಅಜ್ಜಿಯ ಕಾಲದಲ್ಲಿ ಗೂಡಿಲ್ಲದ ಮನೆ ಇರಲಿಲ್ಲವಂತೆ. ಈ 9ರಲ್ಲಿ 4 ಗೂಡು ಕೆಡವಲಿರುವ ಗೋಡೆಗಳಲ್ಲಿ ಇದ್ದವು.

ಸಿಮೆಂಟ್ ಮನೆ ಬೇಡ ಎಂದು ನಾವು ಹೇಳುವುದಿಲ್ಲ. ಮಳೆಗಾಲದಲ್ಲಿ ಸೋರುವ ಮನೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೂತವರಿಗೆ ಗೊತ್ತು ಅದರ ಕಷ್ಟ. ಆದರೆ ಸಿಮೆಂಟ್ ಗೋಡೆಯಲ್ಲಿ ಮಿಸ್ರಿಗೆ ಸಂದು ಇಲ್ಲ. ಹಳೇ ಮರ ಕಡಿದರೆ ಪೊಟರೆ ಇಲ್ಲ. ತುಪ್ಪಕ್ಕಾಗಿ ಗೂಡು ಒಡೆಯುವವರು ಮರಿಗಳನ್ನೂ ಕಿತ್ತು ಬಿಸಾಡುತ್ತಾರೆ. ಬೆಳಗ್ಗೆ ಹೂ ಅರಳಿದ ಹೊತ್ತಿಗೆ ತರಕಾರಿಗೆ ಕೀಟದ ಔಷಧಿ ಹೊಡೆದರೆ ಹೂವಿನ ಮೇಲಿದ್ದ ಮಿಸ್ರಿಯೂ ಸಾಯುತ್ತದೆ. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಬೇಕು.

ವೈವಿಧ್ಯ ಇಲ್ಲದಿದ್ದರೆ ಏನು, ಇದ್ದರೆ ಏನು ಎಂದು ನೀವು ಕೇಳಬಹುದು. ಹಿರಿಯರಿಗೆ 1991-92ರ ನೆನಪು ಇದೆ. ಆಗ ತುಡುವೆ ಜೇನಿಗೆ ರೋಗ ಬಂತು. ಥಾಯ್ ಸ್ಯಾಕ್‌ಬ್ರೂಡ್ ಎಂದು ಅದರ ಹೆಸರು. ಮರಿಗಳು ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತಿದ್ದವು. ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಪೆಟ್ಟಿಗೆ ಪೆಟ್ಟಿಗೆಗಳೇ ಖಾಲಿಯಾದವು. ಜೇನು ಸಾಕಿ ಬದುಕುತ್ತಿದ್ದ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಅಟ್ಟ ಸೇರಿತು. ಅಲ್ಲೊಂದು ಇಲ್ಲೊಂದು ಗೂಡು ಮಾತ್ರ ರೋಗ ತಡೆದುಕೊಂಡಿತು. ಉಳಿದ ಅಂಥ ಗೂಡುಗಳಿಂದ ತುಡುವೆ ಮತ್ತೆ ಹೆಚ್ಚಿತು. ಎಲ್ಲ ಗೂಡುಗಳ ಗುಣವೂ ಒಂದೇ ಆಗಿದ್ದರೆ ಆ ಅಲ್ಲೊಂದು ಇಲ್ಲೊಂದೂ ಉಳಿಯುತ್ತಿರಲಿಲ್ಲ.

ಹತ್ತು ಮಾಡಿದರೆ ಸಾಲದು

"ಇದ್ದ ಒಂದು ಗೂಡನ್ನೇ ಪಾಲು ಮಾಡಿ ಮಾಡಿ ಹತ್ತು ಮಾಡೋಣ" ಅಂದರು ನಮ್ಮಲ್ಲೊಬ್ಬರು. ಪಾಲು ಮಾಡಬಹುದು. ಆದರೆ ಒಂದೇ ಮನೆಯ ಹೆಪ್ಪನ್ನು ಹತ್ತು ಮನೆಗೆ ಹಂಚಿದ ಹಾಗೆ ಆಯಿತು ಅದು. ಹತ್ತೂ ಮನೆಯ ಮೊಸರಿಗೆ ಅದೇ ರುಚಿ. ಹತ್ತು ಗೂಡಿಗೂ ಅವೇ ಬಳೆ. ಲೆಕ್ಕದಲ್ಲಿ ಹತ್ತು, ಬಣ್ಣದಲ್ಲಿ ಎರಡೋ ಮೂರೋ.

ಹಾಗೆಂದು ಎಲ್ಲಿಂದಲೋ ತರುವುದೂ ಸರಿಯಲ್ಲ. ಈಗ ಬೇರೆ ರಾಜ್ಯದಿಂದಲೂ ಜೇನಿನ ಪೆಟ್ಟಿಗೆ ತರಿಸುವವರು ಇದ್ದಾರೆ. ದೂರದ ಜೇನಿನ ಜೊತೆ ದೂರದ ರೋಗವೂ ಬರಬಹುದು. ನಮ್ಮ ಮಳೆಗೆ ಅದು ಒಗ್ಗದಿರಬಹುದು. ಅದು ನಮ್ಮ ಜಾತಿಯೇ ಹೌದೋ ಅಲ್ಲವೋ ತಿಳಿಯದು. ಬಿತ್ತನೆ ಬೀಜದ ವಿಷಯದಲ್ಲಿ ನಾವು ಏನು ಮಾಡುತ್ತಿದ್ದೆವು? ಪಕ್ಕದ ಊರಿನ ನೆಂಟರ ಮನೆಗೆ ಹೋದಾಗ ಒಂದು ಹಿಡಿ ಸೌತೆ ಬೀಜ ಕೊಟ್ಟು, ಒಂದು ಹಿಡಿ ಬದನೆ ಬೀಜ ತರುತ್ತಿದ್ದೆವು. ಮಿಸ್ರಿಗೂ ಅದೇ ದಾರಿ. ಪಕ್ಕದ ಊರು, ಅದರಾಚೆಯ ಊರು, ಅಷ್ಟರ ಒಳಗೆ ಗೂಡು ಬದಲಾಯಿಸಿಕೊಂಡರೆ ಸಾಕು.

ನಾವು ಮಾಡಿದ್ದು

ಮೊದಲ ಗೂಡನ್ನು ನಾವು ಕಳೆದೆವು. ಅದನ್ನು ಮುಚ್ಚಿಡುವುದಿಲ್ಲ. ಕೆಳಗಿನ ಕೇರಿಯ ಗೋಡೆ ಒಡೆದಾಗ ಮರಿಗಳ ಗುಂಪನ್ನು ಕೈಯಲ್ಲಿ ಬಾಚಿ ಮಡಕೆಗೆ ಹಾಕಿದೆವು. ಮೇಲೆ ಕೆಳಗೆ ನೋಡಲಿಲ್ಲ. ತಲೆಕೆಳಗಾದ ಗೋಲಿಗಳಲ್ಲಿ ಮೊಟ್ಟೆಗಳು ಗಂಜಿಯಲ್ಲಿ ಮುಳುಗಿ ಸತ್ತವು. ಒಡೆದ ಕುಡಿಕೆಗಳನ್ನೂ ಒಳಗೆ ಇಟ್ಟಿದ್ದೆವು. ಮರುದಿನ ಮಡಕೆ ತುಂಬ ಇರುವೆ.

ಎರಡನೆಯ ಸಲ ಜೇನು ಸಾಕುವವರೊಬ್ಬರನ್ನು ಕರೆದುಕೊಂಡು ಬಂದೆವು. ಅವರು ತೋರಿಸಿದರು, ನಾವು ಮಾಡಿದೆವು. ಮಳೆಗಾಲ ಮುಗಿದು ಹೂ ಬಂದ ಕಾಲ ಇದಕ್ಕೆ ಒಳ್ಳೆಯದು. ಮಳೆಯಲ್ಲಿ ಬೇಡ. ಆಗ ಮಿಸ್ರಿಗೇ ಊಟ ಇರುವುದಿಲ್ಲ. ಗೂಡಿನ ತುಪ್ಪವೂ ಆಗ ಅದಕ್ಕೇ ಬೇಕು.

ಹಿಂದಿನ ಸಂಜೆ, ಜೇನೆಲ್ಲ ಒಳಗೆ ಸೇರಿದ ಮೇಲೆ, ಕೊಳವೆಯ ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿದೆವು. ಗಾಳಿ ಆಡಬೇಕು, ಹುಳ ಹೊರಗೆ ಬರಬಾರದು. ಬೆಳಗ್ಗೆ ತಲೆಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ಮಣ್ಣನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದೆವು. ಮರಿಗಳ ಗುಂಪು ಕಂಡಿತು. ದೋಸೆ ಎತ್ತುವ ಸಟ್ಟುಗದಿಂದ ಅದನ್ನು ಹಾಗೆಯೇ ಎತ್ತಿ, ಮೇಲಿನದು ಮೇಲೆಯೇ ಇರುವಂತೆ ಮಡಕೆಯಲ್ಲಿ ಇಟ್ಟೆವು. ಅದರ ಸಂದಿನಲ್ಲಿ ರಾಣಿ ಓಡಾಡುತ್ತಿತ್ತು. ಉಳಿದವುಗಳಿಗಿಂತ ಉದ್ದ, ಕಂದು ಬಣ್ಣದ ಊದಿದ ಹೊಟ್ಟೆ. ಕೈಯಲ್ಲಿ ಹಿಡಿಯಬಾರದು. ಒಂದು ಎಲೆಯ ತುದಿ ಮುಂದೆ ಹಿಡಿದೆವು. ಅದೇ ಹತ್ತಿ ಬಂತು. ಮೆಲ್ಲಗೆ ಮಡಕೆಗೆ ಇಳಿಸಿದೆವು.

ಒಡೆಯದ ತುಪ್ಪದ ಕುಡಿಕೆ ಕೆಲವು, ಪರಾಗದ ಕುಡಿಕೆ ಕೆಲವು ಜೊತೆಗೆ ಇಟ್ಟೆವು. ಒಡೆದದ್ದನ್ನೆಲ್ಲ ಬೇರೆ ಪಾತ್ರೆಗೆ ಹಾಕಿ ತುಪ್ಪ ಸೋಸಿಕೊಂಡೆವು. ಹಳೆಯ ಕೊಳವೆಯನ್ನು ಕಿತ್ತು ಮಡಕೆಯ ತೂತಿಗೆ ಅಂಟಿಸಿದೆವು. ತಮ್ಮ ಮನೆಯ ವಾಸನೆ ಹಿಡಿದು ಹೊರಗಿದ್ದ ಹುಳಗಳು ಒಳಗೆ ಸೇರಿದವು. ಸಂಜೆಯ ತನಕ ಮಡಕೆಯನ್ನು ಅದೇ ಜಾಗದಲ್ಲಿ ಇಟ್ಟಿದ್ದೆವು. ಕತ್ತಲಾದ ಮೇಲೆ ಮುಚ್ಚಳದ ಸಂದಿಗೆಲ್ಲ ಹಸಿಮಣ್ಣು ಮೆತ್ತಿದೆವು.

ಗೋಡೆ ಕೆಡವುವ ಪ್ರಸಂಗ ಇಲ್ಲದಿದ್ದರೆ ಇಷ್ಟೆಲ್ಲ ಬೇಡ. ಗೋಡೆಯ ಕೊಳವೆಗೆ ಒಂದು ನಳಿಗೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಪೆಟ್ಟಿಗೆಗೆ ಸೇರಿಸಿ ಬಿಡುತ್ತಾರೆ. ಜೇನು ಪೆಟ್ಟಿಗೆಯ ಮೂಲಕವೇ ಓಡಾಡುತ್ತದೆ. ಕೆಲವು ತಿಂಗಳಲ್ಲಿ ಪೆಟ್ಟಿಗೆಯಲ್ಲೂ ಸಂಸಾರ ಹೂಡಬಹುದು. ಗೋಡೆಯ ತಾಯಿಗೂಡು ಗೋಡೆಯಲ್ಲೇ ಇರುತ್ತದೆ. ತಾಳ್ಮೆ ಬೇಕು ಅಷ್ಟೆ.

ಮಡಕೆಯನ್ನು ಅಲ್ಲೇ ಪಕ್ಕದಲ್ಲಿ ಇಡುವಂತಿರಲಿಲ್ಲ. ಮಾರು ದೂರ ಸರಿಸಿದರೂ ಜೇನು ಹಳೆಯ ಜಾಗಕ್ಕೇ ಬಂದು ಸುತ್ತುತ್ತದೆ. ಆದ್ದರಿಂದ ರಾತ್ರಿಯೇ ಅದನ್ನು ಆಚೆ ಊರಿಗೆ ಕಳಿಸಿದೆವು. ಎರಡು ಕಿಲೋಮೀಟರ್ ದೂರ. ಹೊಸ ಸೊಸೆಯ ತವರು ಅದು. ಅವಳ ಅಮ್ಮ ಸೂರಿನ ಕೆಳಗೆ, ಮಳೆ ಬಿಸಿಲು ತಾಗದ ಕಡೆ ತಂತಿಯಲ್ಲಿ ತೂಗುಹಾಕಿದರು. ತಂತಿಗೆ ಗ್ರೀಸ್ ಹಚ್ಚಿದರು, ಇರುವೆ ಇಳಿಯದ ಹಾಗೆ. ಬದಲಿಗೆ ಅವರ ಮನೆಯಲ್ಲಿ ಬಿದಿರಿನ ಅಂಡೆಯಲ್ಲಿದ್ದ ಒಂದು ಮಿಸ್ರಿ ಗೂಡನ್ನು ನಮಗೆ ಕೊಟ್ಟರು.

ಹತ್ತನೆಯ ದಿನ ಆ ಅಮ್ಮ ಫೋನ್ ಮಾಡಿದರು. ಮಡಕೆಯ ಹಳೆ ಕೊಳವೆಯ ತುದಿಗೆ ಹೊಸ ಮೇಣ ಹತ್ತಿದೆ, ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಹುಳ ಒಳಗೆ ಹೋಗುತ್ತಿವೆ ಅಂದರು. ಮರಿಗಳಿಗೆ ಊಟ ಹೋಗುತ್ತಿದೆ ಎಂದ ಮೇಲೆ ರಾಣಿ ಮೊಟ್ಟೆ ಇಡುತ್ತಿರಬೇಕು.

ಈಗ ಅಕ್ಕನ ಹೊಸ ಮನೆ ಎದ್ದಿದೆ. ಬಿದಿರಿನ ಅಂಡೆ ಹೊಸ ಜಗಲಿಯ ಮಾಡಿನ ಕೆಳಗೆ ತೂಗುತ್ತಿದೆ, ಕರಿಹಲಗೆಯಿಂದ ಸ್ವಲ್ಪ ಆಚೆ. ಗೂಡಿನ ಪುಸ್ತಕ ಅಜ್ಜಿಯ ಹತ್ತಿರ ಇದೆ. ಕೆಡವಲಿರುವ ಗೋಡೆಗಳಲ್ಲಿ ಇನ್ನೂ ಎರಡು ಗೂಡು ಬಾಕಿ. ಒಂದನ್ನು ಪಡೆಯಲು ಕೆರೆಯಾಚೆಯ ಊರಿನವರು ಹೆಸರು ಬರೆಸಿದ್ದಾರೆ. ಇನ್ನೊಂದರ ಮುಂದೆ ಅಜ್ಜಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಜಾಗ ಖಾಲಿ ಬಿಟ್ಟಿದ್ದಾರೆ.